ಲೂಪಸ್ ಇರುವ ಮಗಳ ಹೃದಯಕ್ಕಾಗಿ ಊಟದಲ್ಲಿ ಏನು ಜಾಗ್ರತೆ? ಅನುಭವ ಇರುವವರು ತಿಳಿಸಿ

ಕೇಳಿದವರು: ಹಾಸನದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 12 ವರ್ಷ, ಏಳನೆಯ ತರಗತಿ. ಹೋದ ವರ್ಷ ಲೂಪಸ್ (ರೋಗನಿರೋಧಕ ಶಕ್ತಿಯೇ ತನ್ನ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ) ಎಂದು ಗೊತ್ತಾಯಿತು, ಕಿಡ್ನಿಗೂ ತಗುಲಿದೆ. ವೈಸೊಲೋನ್ ಎಂಬ ಸ್ಟೀರಾಯ್ಡ್, ಎಚ್‌ಸಿಕ್ಯು (ಹೈಡ್ರಾಕ್ಸಿಕ್ಲೋರೋಕ್ವಿನ್), ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್, ಬಿಪಿಗೆ ಎನಲಾಪ್ರಿಲ್ ನಡೆಯುತ್ತಿವೆ. ಈ ಸಲದ ತಪಾಸಣೆಯಲ್ಲಿ ಡಾಕ್ಟರು, "ಕೊಲೆಸ್ಟರಾಲ್ ಏರಿದೆ, ಮುಂದೆ ಹೃದಯಕ್ಕೆ ತೊಂದರೆಯಾಗಬಾರದು, ಊಟದ ಕಡೆ ಗಮನ ಕೊಡಿ" ಎಂದರು. ಹೊರಗೆ ತುಂಬಾ ಜನ ಕಾಯುತ್ತಿದ್ದರು, ವಿವರವಾಗಿ ಕೇಳಲು ಆಗಲಿಲ್ಲ. ಮನೆಗೆ ಬಂದು ವರದಿ ನೋಡಿದರೆ ಒಟ್ಟು ಕೊಲೆಸ್ಟರಾಲ್ 192, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 126, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 140, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 38. ಎಚ್‌ಡಿಎಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಲ್ಯಾಬ್‌ನವರು ಅಚ್ಚು ಹಾಕಿರುವ ಮಿತಿಯ ಒಳಗೇ ಇದೆ. ಹಾಗಾದರೆ ಏರಿದೆ ಎಂದದ್ದು ಏಕೆ? ಇಷ್ಟು ಚಿಕ್ಕ ಮಗುವಿಗೆ ಹೃದಯದ ಕಾಯಿಲೆ ನಿಜವಾಗಿಯೂ ಬರುತ್ತದೆಯೇ? ಸ್ಟೀರಾಯ್ಡ್‌ನಿಂದ ಅವಳಿಗೆ ಹಸಿವು ತಡೆಯಲು ಆಗುವುದಿಲ್ಲ. ನಮ್ಮ ಅತ್ತೆಯವರು ಮಗು ಸೊರಗಿದೆ ಎಂದು ತುಪ್ಪ ಬಡಿಸುತ್ತಾರೆ, ನಮ್ಮ ಯಜಮಾನರು ಅಮೃತಬಳ್ಳಿ ಕಷಾಯ ಕೊಡೋಣ ಎನ್ನುತ್ತಾರೆ. ಲೂಪಸ್ ಮಕ್ಕಳಿರುವ ಮನೆಗಳಲ್ಲಿ ದಿನವೂ ಏನು ಅಡುಗೆ ಮಾಡುತ್ತೀರಿ ಎಂದು ದಯವಿಟ್ಟು ಹೇಳಿ.

ಶಿವಮೊಗ್ಗದ ತಾಯಿ

ನಮಸ್ಕಾರ ತಂಗಿ. ನನ್ನ ಮಗಳಿಗೆ ಎಂಟನೆಯ ತರಗತಿಯಲ್ಲಿ ಲೂಪಸ್ ಬಂತು, ಈಗ ಎರಡನೆಯ ಪಿಯುಸಿ ಓದುತ್ತಿದ್ದಾಳೆ. ಹೃದಯದ ಅಪಾಯ ನಿಜ, ಆದರೆ ಅದು ನಾಳೆ ಬೆಳಿಗ್ಗೆ ಬಂದೆರಗುವಂಥದ್ದಲ್ಲ. ನಮಗೆ ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ: ಲೂಪಸ್‌ನ ಉರಿಯೂತ ಕೀಲು, ಚರ್ಮಗಳಲ್ಲಿ ನಿಲ್ಲುವುದಿಲ್ಲ, ರಕ್ತನಾಳದ ಒಳಪದರವನ್ನೂ ಸವೆಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಲಿವರ್ ಅದನ್ನು ತುಂಬಿಕೊಳ್ಳಲು ಹೊರಟು ಕೊಬ್ಬಿನ ಕಣಗಳನ್ನೂ ಹೆಚ್ಚಾಗಿ ತಯಾರಿಸುತ್ತದೆ. ಅದರ ಮೇಲೆ ಬಿಪಿ, ಅದರ ಮೇಲೆ ಸ್ಟೀರಾಯ್ಡ್. ಉಳಿದವರಿಗೆ ಅರವತ್ತರಲ್ಲಿ ಕಾಣುವ ರಕ್ತನಾಳದ ಬಿಗಿತ ಇವರಿಗೆ ಬೇಗ ಶುರುವಾಗುತ್ತದೆ. 1976ರಷ್ಟು ಹಿಂದೆಯೇ ಟೊರಾಂಟೊದ ವೈದ್ಯರು ಇದನ್ನು ಗಮನಿಸಿದ್ದರು. ಲೂಪಸ್ ರೋಗಿಗಳಲ್ಲಿ ಮೊದಲ ವರ್ಷಗಳ ಸಾವುಗಳಿಗೆ ಕಾಯಿಲೆಯ ತೀವ್ರತೆ ಮತ್ತು ಸೋಂಕು ಕಾರಣವಾದರೆ, ಎಷ್ಟೋ ವರ್ಷಗಳ ನಂತರದ ಸಾವುಗಳಿಗೆ ಹೃದಯಾಘಾತ ಕಾರಣವಾಗುತ್ತಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮಗಳಿಗೆ ಈಗಿನ್ನೂ 12, ಕಾಪಾಡಿಕೊಳ್ಳಲು ಕೈಯಲ್ಲಿ ಬೇಕಾದಷ್ಟು ಸಮಯವಿದೆ.

ನಮ್ಮ ಮನೆಯಲ್ಲಿ ದೊಡ್ಡ ಬದಲಾವಣೆ ಆದದ್ದು ಉಪ್ಪಿನಲ್ಲಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ದಿನದ ಉಪ್ಪನ್ನು ಚಿಕ್ಕ ಸ್ಟೀಲ್ ಡಬ್ಬಿಗೆ ಅಳೆದು ಹಾಕಿಕೊಳ್ಳುತ್ತೇನೆ. ನಾವು ನಾಲ್ಕು ಜನ, ಮಟ್ಟಸ ಮಾಡಿದ ಮೂರು ಟೀ ಚಮಚ. ಒಂದು ಚಮಚಕ್ಕೆ ಸುಮಾರು 5 ಗ್ರಾಂ ಬರುತ್ತದೆ. ದೊಡ್ಡವರೂ ದಿನಕ್ಕೆ 5 ಗ್ರಾಂ ಮೀರಬಾರದು, ಮಕ್ಕಳಿಗೆ ಅದಕ್ಕಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಡ್ಲಿ ಹಿಟ್ಟು, ಸಾರು, ಪಲ್ಯ ಎಲ್ಲವೂ ಆ ಡಬ್ಬಿಯಲ್ಲೇ ಮುಗಿಯಬೇಕು. ಡಬ್ಬಿ ಬರಿದಾದರೆ ರಾತ್ರಿಯ ಪಲ್ಯಕ್ಕೆ ಉಪ್ಪಿಲ್ಲ, ನಿಂಬೆಹಣ್ಣು ಇದೆ. ಪಲ್ಯ ಬೆಂದು ಒಲೆಯಿಂದ ಇಳಿಸಿದ ಮೇಲೆ ಉಪ್ಪು ಉದುರಿಸಿ ಕಲಸಿದರೆ ಅರ್ಧದಷ್ಟರಲ್ಲೇ ನಾಲಿಗೆಗೆ ತಿಳಿಯುತ್ತದೆ, ಬೇಯುವಾಗ ಹಾಕಿದರೆ ಹೋಳು ಕುಡಿದುಬಿಡುತ್ತದೆ. ಚಪಾತಿ ಹಿಟ್ಟಿಗೆ, ಅನ್ನಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿದೆವು, ಮುದ್ದೆಗಂತೂ ನಮ್ಮಲ್ಲಿ ಮೊದಲಿನಿಂದಲೂ ಹಾಕುವುದಿಲ್ಲ. ಹುಣಸೆ, ಮಾವಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ, ಮೆಣಸು, ಕೊತ್ತಂಬರಿ ಧಾರಾಳವಾಗಿ ಬಳಸಿ. ಮೊದಮೊದಲು ಎಲ್ಲರೂ ಸಪ್ಪೆ ಎಂದು ಮುಖ ಸಿಂಡರಿಸುತ್ತಾರೆ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಆಮೇಲೆ ಹೋಟೆಲಿನ ಸಾಂಬಾರೇ ಬಾಯಿಗಿಡಲಾಗದಷ್ಟು ಉಪ್ಪೆನಿಸುತ್ತದೆ.

ಡಬ್ಬಿಯ ಲೆಕ್ಕಕ್ಕೆ ಸಿಗದ ಉಪ್ಪೂ ಇದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಅಂಗಡಿಯ ಚಟ್ನಿಪುಡಿ, ನೂಡಲ್ಸ್ ಜೊತೆಗೆ ಬರುವ ಮಸಾಲೆ ಪೊಟ್ಟಣ, ಬೇಕರಿಯ ಖಾರ ಬನ್, ಬಿಸ್ಕತ್ತು. ಇವನ್ನು ಮನೆಗೆ ತರುವುದನ್ನೇ ಬಿಟ್ಟೆವು. ಮನೆಯಲ್ಲಿಟ್ಟು ಅವಳೊಬ್ಬಳಿಗೆ ಬೇಡ ಎನ್ನುವುದು ಕ್ರೌರ್ಯ.

ತುಪ್ಪದ ವಿಷಯಕ್ಕೆ ನಿಮ್ಮ ಅತ್ತೆಯವರ ಜೊತೆ ಜಗಳ ಬೇಡ. ಬಿಸಿ ಅನ್ನಕ್ಕೆ ಒಂದು ಚಿಕ್ಕ ಚಮಚ ತುಪ್ಪ ಅಜ್ಜಿಯ ಕೈಯಿಂದಲೇ ಬೀಳಲಿ. ಆ ದಿನ ಪೂರಿ, ಬೋಂಡ, ತೆಂಗಿನ ಹಾಲಿನ ಸಾಗು ಬೇಡ, ಅಷ್ಟೇ.

ಹುಬ್ಬಳ್ಳಿಯ ಆಹಾರ ತಜ್ಞೆ

ಮಕ್ಕಳ ವಿಭಾಗದಲ್ಲಿ ಆಹಾರ ಸಲಹೆ ನೀಡುವುದು ನನ್ನ ಕೆಲಸ. ನಿಮ್ಮ ವರದಿಯ ಗೊಂದಲವನ್ನು ಮೊದಲು ಬಿಡಿಸುತ್ತೇನೆ, ಏಕೆಂದರೆ ಇದೇ ಗೊಂದಲದಿಂದ ಎಷ್ಟೋ ಪೋಷಕರು ನಿಶ್ಚಿಂತರಾಗಿ ಕುಳಿತುಬಿಡುತ್ತಾರೆ.

ಬಹುತೇಕ ಲ್ಯಾಬ್‌ಗಳು ವರದಿಯ ಪಕ್ಕದಲ್ಲಿ ಅಚ್ಚು ಹಾಕುವುದು ದೊಡ್ಡವರ ಮಿತಿಯನ್ನು. ಮಕ್ಕಳಿಗೆ ಬೇರೆ ಅಳತೆ ಇದೆ. ಒಟ್ಟು ಕೊಲೆಸ್ಟರಾಲ್ 170ರ ಒಳಗಿದ್ದರೆ ಒಳ್ಳೆಯದು, 200 ಮುಟ್ಟಿದರೆ ಹೆಚ್ಚು. ಎಲ್‌ಡಿಎಲ್ 110ರ ಒಳಗಿರಬೇಕು, 130 ಮುಟ್ಟಿದರೆ ಹೆಚ್ಚು. ಹತ್ತು ವರ್ಷ ದಾಟಿದವರಿಗೆ ಟ್ರೈಗ್ಲಿಸರೈಡ್ 90ರ ಒಳಗೆ ಚೆನ್ನ, 130 ಮುಟ್ಟಿದರೆ ಹೆಚ್ಚು. ಎಚ್‌ಡಿಎಲ್ 45ಕ್ಕಿಂತ ಮೇಲಿರಬೇಕು, 40ಕ್ಕಿಂತ ಕೆಳಗೆ ಇಳಿಯಬಾರದು. ಈಗ ನಿಮ್ಮ ಮಗಳ ಅಂಕಿಗಳನ್ನು ಮತ್ತೆ ನೋಡಿ: ಒಟ್ಟು ಕೊಲೆಸ್ಟರಾಲ್ ಮತ್ತು ಎಲ್‌ಡಿಎಲ್ ಗಡಿಯಲ್ಲಿವೆ, ಟ್ರೈಗ್ಲಿಸರೈಡ್ ಹೆಚ್ಚಿದೆ, ಎಚ್‌ಡಿಎಲ್ ಕಡಿಮೆ ಇದೆ. ಟ್ರೈಗ್ಲಿಸರೈಡ್ ಏರುವುದು, ಎಚ್‌ಡಿಎಲ್ ಇಳಿಯುವುದು ಲೂಪಸ್ ಚುರುಕಾಗಿರುವ ಮಕ್ಕಳಲ್ಲಿ ಪದೇ ಪದೇ ಕಾಣುವ ಜೋಡಿ. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ಬಿಪಿಯದೂ ಇದೇ ಕಥೆ. 13 ತುಂಬುವವರೆಗೆ ಬಿಪಿಯ ಮಿತಿಯನ್ನು ಮಗುವಿನ ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದನ್ನು ನೋಡಿ ಒಂದು ಕೋಷ್ಟಕದಿಂದ ಲೆಕ್ಕ ಹಾಕುತ್ತಾರೆ. ದೊಡ್ಡವರಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ 118/78, ಎತ್ತರ ಕಡಿಮೆಯಿರುವ 12ರ ಹುಡುಗಿಯಲ್ಲಿ ಏರಿದ ಬಿಪಿಯೇ ಆಗಿರಬಹುದು. ತೋಳಿಗೆ ಸುತ್ತುವ ಪಟ್ಟಿಯ ಅಳತೆಯೂ ಸರಿಯಿರಬೇಕು. ಚಿಕ್ಕದಾದರೆ ಇಲ್ಲದ ಬಿಪಿ ತೋರಿಸುತ್ತದೆ, ದೊಡ್ಡದಾದರೆ ಇರುವ ಬಿಪಿ ಮುಚ್ಚಿಹೋಗುತ್ತದೆ. ಸ್ಟೀರಾಯ್ಡ್‌ನಿಂದ ತೋಳು ದಪ್ಪವಾಗಿರುವ ಮಕ್ಕಳಲ್ಲಿ ಇದನ್ನು ನಾನು ವಾರ ವಾರವೂ ನೋಡುತ್ತೇನೆ.

ಊಟದ ಬಗ್ಗೆ ಹೇಳುವುದಾದರೆ, ಲೂಪಸ್‌ಗೆಂದೇ ಒಂದು ವಿಶೇಷ ಪಥ್ಯ ಇಲ್ಲ. ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನ್) ಬಿಡಿಸಿ, ಹಾಲು ಬಿಡಿಸಿ, ಬದನೆ, ಟೊಮೇಟೊ ಬಿಡಿಸಿ ಎಂದು ಮೊಬೈಲ್‌ನಲ್ಲಿ ಬರುವ ಸಲಹೆಗಳನ್ನೆಲ್ಲ ಪಾಲಿಸಿ ಬಡಕಲಾಗಿ ನಮ್ಮ ಬಳಿಗೆ ಬರುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಳೆಯುವ ವಯಸ್ಸು ಅದು. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 33 ಗ್ರಾಂ ಪ್ರೋಟೀನ್, 850 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ಸ್ಟೀರಾಯ್ಡ್ ಮೂಳೆಯ ಕ್ಯಾಲ್ಸಿಯಂ ಕರಗಿಸುತ್ತದೆ, ಬಿಸಿಲು ಲೂಪಸ್ ಕೆರಳಿಸುವುದರಿಂದ ಈ ಮಕ್ಕಳು ಬಿಸಿಲಿಗೆ ಹೋಗುವಂತಿಲ್ಲ, ಹಾಗಾಗಿ ವಿಟಮಿನ್ ಡಿ ಕೊರತೆಯೂ ಸಾಮಾನ್ಯ. ಹಾಗಾಗಿ ಹಾಲು, ಮೊಸರು, ರಾಗಿ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಗಟ್ಟಿ ಕೆನೆ ಹಾಲಿನ ಬದಲು 3% ಕೊಬ್ಬಿನ ಟೋನ್ಡ್ ಹಾಲು ತನ್ನಿ. ವಿಟಮಿನ್ ಡಿ ಮಾತ್ರ ಊಟದಿಂದ ತುಂಬುವುದು ಕಷ್ಟ, ಪರೀಕ್ಷೆ ಮಾಡಿಸಿ ಡಾಕ್ಟರು ಕೊಟ್ಟ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು.

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದು ಡಬ್ಬಿಯ ಪ್ರೋಟೀನ್ ಪುಡಿ ಕುಡಿಸುವವರಿದ್ದಾರೆ. ಬೇಡ, ಅದರಿಂದ ಕಿಡ್ನಿಗೆ ಕೆಲಸ ಹೆಚ್ಚುತ್ತದೆ. ಒಂದು ಮೊಟ್ಟೆ, ಎರಡು ಲೋಟ ಹಾಲು ಅಥವಾ ಮೊಸರು, ಎರಡು ಹೊತ್ತು ಬೇಳೆ ಅಥವಾ ಕಾಳು ಇದ್ದರೆ ಆ ವಯಸ್ಸಿಗೆ ಬೇಕಾದ್ದು ಬಂದೇ ಬರುತ್ತದೆ.

ಟ್ರೈಗ್ಲಿಸರೈಡ್ ಎಂದ ಕೂಡಲೇ ಎಲ್ಲರ ಕಣ್ಣು ಎಣ್ಣೆಯ ಮೇಲೆ ಬೀಳುತ್ತದೆ. ಅದನ್ನು ಏರಿಸುವುದರಲ್ಲಿ ಸಕ್ಕರೆ, ಬೆಲ್ಲ, ಜ್ಯೂಸ್, ತಂಪು ಪಾನೀಯ, ತಟ್ಟೆ ತುಂಬಾ ಬಿಳಿ ಅನ್ನಗಳ ಪಾಲೂ ದೊಡ್ಡದು. ಅನ್ನ ಅರ್ಧ ಇಳಿಸಿ, ಆ ಜಾಗಕ್ಕೆ ಸೊಪ್ಪು, ಹುರುಳಿಕಾಯಿ, ಕಾಳು ಬರಲಿ. ನಮ್ಮ ಕಡೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸೆ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಹೃದಯಕ್ಕೂ ಒಳ್ಳೆಯದು, ಹಿಂಡಿಗೆ ಉಪ್ಪು ಮಾತ್ರ ಕಡಿಮೆ ಹಾಕಿ. ಅಡುಗೆ ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ. ವನಸ್ಪತಿಯಲ್ಲಿ ಮಾಡಿದ ಬೇಕರಿ ತಿಂಡಿ, ಪದೇ ಪದೇ ಕಾಯಿಸಿದ ಎಣ್ಣೆಯ ಬಜ್ಜಿ ಪೂರ್ತಿ ಬೇಡ.

ಬೆಂಗಳೂರಿನಿಂದ, ಊರು ಮಂಗಳೂರು

ಅಕ್ಕಾ, ನನಗೆ 11ನೆಯ ವಯಸ್ಸಿನಲ್ಲಿ ಲೂಪಸ್ ಬಂತು. ಈಗ ಕೆಲಸದಲ್ಲಿದ್ದೇನೆ. ನಿಮ್ಮ ಮಗಳ ಕಡೆಯಿಂದ ಎರಡು ಮಾತು ಹೇಳುತ್ತೇನೆ, ಏಕೆಂದರೆ ಆ ವಯಸ್ಸಿನಲ್ಲಿ ಅವಳಿಗೆ ಅದನ್ನು ಹೇಳಲು ಬರುವುದಿಲ್ಲ.

ಸ್ಟೀರಾಯ್ಡ್ ಹಸಿವು ತಿಂಡಿಪೋತತನ ಅಲ್ಲ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಮತ್ತೆ ಸೆಳೆಯುತ್ತದೆ, ರಾತ್ರಿ ಎಚ್ಚರವಾದರೆ ಅಡುಗೆಮನೆಯ ದಾರಿ ಹಿಡಿಯುವಂತೆ ಮಾಡುತ್ತದೆ. ಅದಕ್ಕೆ ಬೈದರೆ ಮಗು ಕದ್ದು ತಿನ್ನುತ್ತದೆ. ನನ್ನ ಅಮ್ಮ ಬೈಯಲಿಲ್ಲ. ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಮೇಜಿನ ಮೇಲೆ ಬೇಯಿಸಿದ ಹೆಸರುಕಾಳಿನ ಉಸಲಿ ಒಂದು ಬಟ್ಟಲು, ಸೌತೆಕಾಯಿ, ಒಂದು ಪೇರಳೆ ಇರುತ್ತಿತ್ತು. ಮೊದಲು ಅದು, ಆಮೇಲೂ ಹಸಿವಿದ್ದರೆ ಮಾತ್ರ ಬೇರೇನಾದರೂ. ಹೆಚ್ಚಿನ ದಿನ ಆ ಬೇರೇನಾದರೂ ಬೇಕಾಗುತ್ತಿರಲಿಲ್ಲ. ಮೊಳಕೆಕಾಳನ್ನು ಹಸಿಯಾಗಿ ಕೊಡಬೇಡಿ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಹಸಿ ಮೊಳಕೆಯಿಂದ ಸೋಂಕು ತಗಲುವ ಭಯವಿದೆ. ಬೇಯಿಸಿಯೇ ಕೊಡಿ. ಪಾನಿಪೂರಿಯ ನೀರೂ ಅದೇ ಕಾರಣಕ್ಕೆ ಬೇಡ.

ನಾವು ಮೀನು ತಿನ್ನುವವರು. ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಎಂಬ ಕೊಬ್ಬು ಹೇರಳವಾಗಿದೆ, ದುಬಾರಿ ಮೀನೇ ಬೇಕಿಲ್ಲ. ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಆ ಲಾಭ ಕೈಬಿಡುತ್ತದೆ, ಕಾಯಿ ಕಡಿಮೆ ಹಾಕಿ ಪುಳಿಮುಂಚಿ ಮಾಡಿ. ಒಣಮೀನು ಬೇಡ, ಅದರಲ್ಲಿ ಉಪ್ಪೇ ಉಪ್ಪು.

ಇನ್ನೊಂದು ಮಾತು, ಊಟಕ್ಕಿಂತಲೂ ದೊಡ್ಡದು. ಮುಖ ಊದಿತೆಂದು ಮಾತ್ರೆ ಕಿಟಕಿಯಿಂದ ಎಸೆಯುವ ಹುಡುಗಿಯರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಸ್ಟೀರಾಯ್ಡ್ ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯ, ಕಾಯಿಲೆಯೂ ಕೆರಳುತ್ತದೆ, ಕೆರಳಿದಷ್ಟೂ ರಕ್ತನಾಳಕ್ಕೆ ಪೆಟ್ಟು. ಎಚ್‌ಸಿಕ್ಯು ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು. ಅದು ಲೂಪಸ್ ಹಿಡಿತದಲ್ಲಿಡುವುದರ ಜೊತೆಗೆ ಕೊಲೆಸ್ಟರಾಲ್, ಸಕ್ಕರೆ, ರಕ್ತ ಹೆಪ್ಪುಗಟ್ಟುವಿಕೆ ಮೂರಕ್ಕೂ ಒಳ್ಳೆಯದು ಮಾಡುತ್ತದೆ. ಅಪರೂಪಕ್ಕೆ ಅದು ಕಣ್ಣಿಗೆ ತೊಂದರೆ ಮಾಡಬಹುದು, ಕಣ್ಣಿನ ಪರೀಕ್ಷೆ ಕಾಲಕಾಲಕ್ಕೆ ಮಾಡಿಸಿದರಾಯಿತು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಒಂದು ಅಧ್ಯಯನ ಪ್ರಕಟವಾಯಿತು. ಲೂಪಸ್ ಇರುವ 35ರಿಂದ 44 ವರ್ಷದ ಹೆಂಗಸರಲ್ಲಿ ಹೃದಯಾಘಾತ ಅದೇ ವಯಸ್ಸಿನ ಇತರರಿಗಿಂತ 50 ಪಟ್ಟು ಹೆಚ್ಚೆಂದು ಅದರಲ್ಲಿತ್ತು. ಆ ವಯಸ್ಸಿನ ಉಳಿದ ಹೆಂಗಸರಲ್ಲಿ ಹೃದಯಾಘಾತ ತೀರಾ ಅಪರೂಪವಾದ್ದರಿಂದ ಸಂಖ್ಯೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗಿದ್ದರೂ ಕಾಲೇಜಿನಲ್ಲಿ ಅದನ್ನು ಓದಿದ ಮೇಲೆ ನನ್ನ ಮಾತ್ರೆಗಳನ್ನು ನೆನಪಿಸಲು ಯಾರೂ ಬೇಕಾಗಲಿಲ್ಲ.

ಸಂಬಂಧಿಕರು ಮದುವೆ ಮನೆಯಲ್ಲಿ "ಎಷ್ಟು ದಪ್ಪ ಆಗಿದ್ದೀಯಾ" ಎಂದಾಗ ಮಗುವಿನ ಪರವಾಗಿ ನೀವೇ ಬಾಯಿ ತೆರೆಯಬೇಕು ಅಕ್ಕಾ.

ದೇವನಹಳ್ಳಿಯ ಒಬ್ಬ ತಂದೆ

ನನ್ನ ಮಗನಿಗೆ ಲೂಪಸ್ ಇದೆ. ಗಂಡುಮಕ್ಕಳಿಗೆ ಕಡಿಮೆ, ಆದರೂ ಬರುತ್ತದೆ. ನಿಮ್ಮ ಯಜಮಾನರಿಗೆ ನನ್ನ ವಿನಂತಿ: ಅಮೃತಬಳ್ಳಿ ಬೇಡ ಸಾರ್. ಕೋವಿಡ್ ಸಮಯದಲ್ಲಿ ಅದರ ಕಷಾಯ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ದಾಖಲಿಸಿದ್ದಾರೆ. ನಮ್ಮ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಕಾಯಿಲೆ ಬಂದಿಲ್ಲ, ಅದು ದಾರಿ ತಪ್ಪಿ ತನ್ನ ಮೈಯನ್ನೇ ಕಚ್ಚುತ್ತಿದೆ. ಅದನ್ನು ಇನ್ನಷ್ಟು ಕೆರಳಿಸುವ ಪುಡಿ, ಲೇಹ್ಯ ಯಾವುದೂ ಡಾಕ್ಟರನ್ನು ಕೇಳದೆ ಬೇಡ. ಹಸಿರು ಪುಡಿಗಳ ಡಬ್ಬಿಯ ಮೇಲೆ ಆಲ್ಫಾಲ್ಫಾ ಎಂದು ಬರೆದಿದ್ದರೆ ಮುಟ್ಟಬೇಡಿ. ನಮ್ಮಲ್ಲಿ ದನಗಳಿಗೆ ಬೆಳೆಯುವ ಕುದುರೆ ಮಸಾಲೆ ಸೊಪ್ಪೇ ಅದು. ಅದರಲ್ಲಿರುವ ಕ್ಯಾನವನಿನ್ ಎಂಬ ಅಂಶ ಲೂಪಸ್ ಕೆರಳಿಸಬಲ್ಲದು.

ನಮ್ಮ ಹಿತ್ತಲಲ್ಲಿ ಚಕ್ಕೋತದ ಮರ ಇದೆ. ನಿಮ್ಮ ಮಗಳು ಟ್ಯಾಕ್ರೋಲಿಮಸ್ ತೆಗೆದುಕೊಳ್ಳುತ್ತಿದ್ದಾಳೆ ಎಂದಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಚಕ್ಕೋತ ಕೊಡಬೇಡಿ. ದ್ರಾಕ್ಷಿಹಣ್ಣಿನ ಹೆಸರು ಹೊತ್ತ ಗ್ರೇಪ್‌ಫ್ರೂಟ್‌ನ ಹಾಗೆ ಇದೂ ಆ ಔಷಧಿ ಮೈಯಲ್ಲಿ ಒಡೆದು ಕಡಿಮೆಯಾಗುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತದೆ, ಏರಿದರೆ ಕಿಡ್ನಿಗೇ ವಿಷ. ಕಿತ್ತಳೆ, ಮೂಸಂಬಿಗೆ ಈ ತೊಂದರೆ ಇಲ್ಲ. ನಮ್ಮ ಮರದ ಹಣ್ಣನ್ನು ಈಗ ಅಕ್ಕಪಕ್ಕದವರಿಗೆ ಹಂಚುತ್ತೇವೆ.

ಹಾಸನದ ತಾಯಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ವರದಿಯ ಮಿತಿ ದೊಡ್ಡವರದು ಎಂದು ಯಾರೂ ಹೇಳಿರಲಿಲ್ಲ. ಇನ್ನೂ ಕೆಲವು ಪ್ರಶ್ನೆಗಳು. ಅಂಗಡಿಯಲ್ಲಿ ಬಿಪಿಯವರಿಗೆಂದು ಸೋಡಿಯಂ ಕಡಿಮೆ ಇರುವ ಉಪ್ಪು ಸಿಗುತ್ತದೆ, ಅದನ್ನು ತರಬಹುದೇ? ಎಳನೀರು ದಿನಾ ಕೊಡಬಹುದೇ? ಕೊಲೆಸ್ಟರಾಲ್ ಇಳಿಸುವ ಮಾತ್ರೆಯನ್ನು ಡಾಕ್ಟರು ಏಕೆ ಬರೆಯಲಿಲ್ಲ? ಮಧ್ಯಾಹ್ನ ಸರ್ಕಾರಿ ಶಾಲೆಯಲ್ಲೇ ಊಟ ಮಾಡುತ್ತಾಳೆ, ಅದಕ್ಕೆ ಏನು ಮಾಡಲಿ?

ಹುಬ್ಬಳ್ಳಿಯ ಆಹಾರ ತಜ್ಞೆ

ಆ ಉಪ್ಪು ಖಂಡಿತ ಬೇಡ. ಸೋಡಿಯಂ ತೆಗೆದ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಎನಲಾಪ್ರಿಲ್ ಮತ್ತು ಟ್ಯಾಕ್ರೋಲಿಮಸ್ ಎರಡೂ ಪೊಟ್ಯಾಸಿಯಂ ಏರಿಸಬಲ್ಲ ಔಷಧಿಗಳು, ಕಿಡ್ನಿಯೂ ಸೋತಿದ್ದರೆ ಅದು ಮೈಯಿಂದ ಹೊರಗೆ ಹೋಗುವುದಿಲ್ಲ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪಿನ ಬಗ್ಗೆ ಕೊಟ್ಟ ಸಲಹೆಯಲ್ಲಿ ಮಕ್ಕಳನ್ನೂ ಕಿಡ್ನಿ ತೊಂದರೆ ಇರುವವರನ್ನೂ ಹೊರಗಿಟ್ಟಿದೆ. ಮಾಮೂಲಿ ಅಯೋಡಿನ್ ಉಪ್ಪನ್ನೇ ಕಡಿಮೆ ಬಳಸಿ. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚು. ಅವಳ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಶ) ನೋಡಿ ಡಾಕ್ಟರು ಸರಿ ಎಂದರೆ ಆಗಾಗ ಕೊಡಬಹುದು, ದಿನಾ ಬೇಡ. ಕ್ರಿಯಾಟಿನಿನ್ ಏರಿದ್ದರೆ ಬಾಳೆಹಣ್ಣು, ರಾಗಿ, ಹಾಲಿನ ಲೆಕ್ಕವೂ ಬದಲಾಗುತ್ತದೆ. ನಾನು ಮೇಲೆ ಹೇಳಿದ್ದು ಕ್ರಿಯಾಟಿನಿನ್ ಸರಿಯಿರುವ ಮಗುವಿಗೆ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎಲ್ಲ ಲೂಪಸ್ ಮಕ್ಕಳಿಗೂ ಬೇಕೇ ಎಂದು ಪರೀಕ್ಷಿಸಲು ಉತ್ತರ ಅಮೆರಿಕದಲ್ಲಿ ಆ್ಯಪಲ್ ಎಂಬ ಹೆಸರಿನ ಪ್ರಯೋಗ ನಡೆಯಿತು. 10ರಿಂದ 21 ವರ್ಷದ 221 ಜನರಲ್ಲಿ ಕೆಲವರಿಗೆ ಅಟೊರ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ಮೂರು ವರ್ಷ ನೋಡಿದರು. 2012ರಲ್ಲಿ ಫಲಿತಾಂಶ ಬಂತು: ಕೊಲೆಸ್ಟರಾಲ್ ಇಳಿಯಿತು, ಆದರೆ ಕತ್ತಿನ ರಕ್ತನಾಳ ದಪ್ಪವಾಗುವ ವೇಗದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಎಲ್ಲ ಮಕ್ಕಳಿಗೂ ಕೊಡುವುದಿಲ್ಲ, ಎಲ್‌ಡಿಎಲ್ ತುಂಬಾ ಏರಿ ಊಟದಿಂದ ಬಗ್ಗದಿದ್ದರೆ ಕೊಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ನಿಂತು ಸ್ಟೀರಾಯ್ಡ್ ಇಳಿದರೆ ಎಷ್ಟೋ ಮಕ್ಕಳಲ್ಲಿ ಕೊಲೆಸ್ಟರಾಲ್ ತಾನಾಗಿಯೇ ಇಳಿಯುವುದನ್ನು ನೋಡಿದ್ದೇನೆ.

ಚಿತ್ರದುರ್ಗ ಜಿಲ್ಲೆಯ ಶಾಲಾ ಶಿಕ್ಷಕಿ

ನಮ್ಮ ತರಗತಿಯಲ್ಲಿ ಲೂಪಸ್ ಇರುವ ಹುಡುಗಿಯೊಬ್ಬಳಿದ್ದಳು. ಅವಳ ಅಮ್ಮ ಬಂದು ಡಾಕ್ಟರ ಚೀಟಿ ತೋರಿಸಿ ಬಿಡಿಸಿ ಹೇಳಿದ್ದರಿಂದ ನಮಗೂ ಸುಲಭವಾಯಿತು. ಶಾಲೆಯ ಹಾಲು, ರಾಗಿ ಮಾಲ್ಟ್, ಮೊಟ್ಟೆ ಅವಳಿಗೆ ಒಳ್ಳೆಯದೇ, ಮಾಲ್ಟ್‌ಗೆ ಬೆಲ್ಲ ಬೀಳುವುದರಿಂದ ಅರ್ಧ ಲೋಟ ಕೊಡುತ್ತಿದ್ದೆವು. ನೂರಾರು ಮಕ್ಕಳ ಸಾಂಬಾರಿನ ಉಪ್ಪು ಅವಳೊಬ್ಬಳಿಗಾಗಿ ಬದಲಾಗುವುದಿಲ್ಲ. ಮನೆಯಿಂದ ಚಿಕ್ಕ ಡಬ್ಬಿಯಲ್ಲಿ ಉಪ್ಪು ಕಡಿಮೆಯಿರುವ ಪಲ್ಯ, ಮೊಸರು ತಂದು ಶಾಲೆಯ ಅನ್ನಕ್ಕೆ ಕಲಸಿಕೊಂಡು ಎಲ್ಲರ ಜೊತೆ ಸಾಲಿನಲ್ಲೇ ಕುಳಿತು ಉಣ್ಣುತ್ತಿದ್ದಳು. ಆಟದ ಅವಧಿಯಿಂದ ಅವಳನ್ನು ಪೂರ್ತಿ ಹೊರಗಿಡಬೇಡಿ ಎಂದು ಡಾಕ್ಟರೇ ಬರೆದಿದ್ದರು, ಮೈ ಆಡಿಸಿದರೆ ಹೃದಯಕ್ಕೂ ಮೂಳೆಗೂ ಒಳ್ಳೆಯದು. ಬಿಸಿಲು ಮಾತ್ರ ಬೇಡ. ನಾವು ಅವಳ ತರಗತಿಯ ಆಟದ ಅವಧಿಯನ್ನು ಬೆಳಗಿನ ಮೊದಲ ಅವಧಿಗೆ ತಂದೆವು, ಉಳಿದ ಹೊತ್ತಿನಲ್ಲಿ ಹೊಂಗೆ ಮರದ ನೆರಳಿನಲ್ಲಿ ಕುಂಟೆಬಿಲ್ಲೆ, ಹಗ್ಗದಾಟ. ತುಂಬು ತೋಳಿನ ಅಂಗಿ, ಟೋಪಿಗೆ ಮುಖ್ಯ ಶಿಕ್ಷಕರು ತಕರಾರಿಲ್ಲದೆ ಒಪ್ಪಿದರು. ನೀವೂ ಒಮ್ಮೆ ಶಾಲೆಗೆ ಹೋಗಿ ಮಾತನಾಡಿ.

ಶಿವಮೊಗ್ಗದ ತಾಯಿ

ತಂಗಿ, ಒಂದು ವಿಷಯ ಮೊದಲ ಸಲ ಬರೆಯುವಾಗ ಬಿಟ್ಟುಹೋಗಿತ್ತು. ರಕ್ತನಾಳದ ತೊಂದರೆ ಮುಂದಿನ ವರ್ಷಗಳದ್ದು, ಆದರೆ ಲೂಪಸ್ ಈಗಲೇ ಹೃದಯವನ್ನು ಮುಟ್ಟುವ ದಾರಿಯೂ ಇದೆ. ಹೃದಯದ ಸುತ್ತಲಿನ ಪೊರೆಗೆ ಉರಿಯೂತ ಬಂದು ನೀರು ತುಂಬಬಹುದು. ಮಲಗಿದರೆ, ದೀರ್ಘವಾಗಿ ಉಸಿರೆಳೆದರೆ ಎದೆ ಚುಚ್ಚಿದಂತಾಗಿ, ಮುಂದಕ್ಕೆ ಬಾಗಿ ಕುಳಿತರೆ ಹಗುರವಾಗುತ್ತದೆ ಎಂದರೆ ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಏದುಸಿರು, ಎದೆ ಹೊಡೆದುಕೊಳ್ಳುವುದು, ಕಾಲು ಊದುವುದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೊರಡಿ.

ಮುಂದಿನ ಭೇಟಿಗೆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಕುಳಿತ ಕೂಡಲೇ ಹಾಳೆಯನ್ನೇ ಡಾಕ್ಟರ ಮುಂದಿಡಿ. ಅವಳ ಎತ್ತರಕ್ಕೆ ಬಿಪಿ ಎಷ್ಟಿರಬೇಕು, ಮನೆಯಲ್ಲಿ ನೋಡುವುದಾದರೆ ಯಾವ ಅಳತೆಯ ಪಟ್ಟಿ, ಮೂತ್ರದ ಪ್ರೋಟೀನ್ ಇಳಿಯುತ್ತಿದೆಯೇ, ಪೊಟ್ಯಾಸಿಯಂ ಎಷ್ಟಿದೆ, ಕೊಲೆಸ್ಟರಾಲ್ ಮತ್ತೆ ಯಾವಾಗ ನೋಡಬೇಕು, ವಿಟಮಿನ್ ಡಿ ನೋಡಿದ್ದೀರಾ, ರಕ್ತ ಹೆಪ್ಪುಗಟ್ಟಿಸುವ ಫಾಸ್ಫೊಲಿಪಿಡ್ ಆ್ಯಂಟಿಬಾಡಿ ಪರೀಕ್ಷೆ ಆಗಿದೆಯೇ, ಎಕೋ (ಹೃದಯದ ಸ್ಕ್ಯಾನ್) ಬೇಕೇ. ಆಹಾರ ತಜ್ಞರ ಬಳಿಗೆ ಒಂದು ಚೀಟಿ ಬರೆದುಕೊಡಿ ಎಂದೂ ಕೇಳಿ. ನಾವು ಆ ಚೀಟಿ ಕೇಳಿದ ಮೇಲೆಯೇ ಉಪ್ಪು ಎಷ್ಟು, ಹಾಲು ಎಷ್ಟು ಎಂದು ನಮ್ಮ ಮಗಳ ತೂಕಕ್ಕೆ ಸರಿಯಾಗಿ ಬರೆದುಕೊಟ್ಟದ್ದು.